ಕರಡಿ ಗುಡ್ಡದಲ್ಲಿ ನನ್ನ ಮೌನವ್ರತ

ನಮ್ಮೂರಿನಲ್ಲಿ ಕರಡಿಯಿಂದ ಪಾರಾಗಲು ಜನ ಕಂಡುಕೊಂಡ ಉಪಾಯಗಳಲ್ಲಿ ನಾನೂ ಒಬ್ಬಳು. ಇದು ಜಂಬದ ಮಾತಲ್ಲ. ಗುಡ್ಡದ ಸಿದ್ದೇಶ್ವರನಿಗೆ ದೀಪ ಹಚ್ಚಲು ಹೋಗುವ ಹೆಂಗಸರು ಕೈಯಲ್ಲೊಂದು ಕೋಲು ಹಿಡಿಯುತ್ತಾರೆ, ಇಲ್ಲವೇ ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಕೋಲಿಗಿಂತ ನಾನೇ ವಾಸಿ ಎಂದವರಿದ್ದಾರೆ. ಕೋಲಾದರೆ ಸುಮ್ಮನಾದರೂ ಇರುತ್ತದೆ ಎಂದು ಕೋಲನ್ನೇ ಹಿಡಿದು ಹೋದವರೂ ಇದ್ದಾರೆ.

ನನ್ನ ಹೆಸರು ಉಷಾರಾಣಿ. ಗಂಡಸಿ ಹೋಬಳಿಯ ಒಂದು ಊರಿನ ಸೊಸೆ. ಊರಿನ ಬೆನ್ನಿಗೇ ಗುಡ್ಡ, ಗುಡ್ಡದ ತುಂಬ ಬಂಡೆ, ಬಂಡೆಯ ಸಂದಿಯಲ್ಲಿ ಕರಡಿ. ನಮ್ಮ ಕಡೆಯ ಕರಡಿಗೆ ಗೆದ್ದಲು ಇಷ್ಟ, ಜೇನು ಇಷ್ಟ, ಎಲ್ಲಕ್ಕಿಂತ ದೇವರ ದೀಪದ ಎಣ್ಣೆ ಇಷ್ಟ. ನಾವು ಭಕ್ತಿಯಿಂದ ಸುರಿದು ಬರುತ್ತೇವೆ, ಅದು ನಮಗಿಂತ ಹೆಚ್ಚಿನ ಭಕ್ತಿಯಿಂದ ನೆಕ್ಕಿ ಹೋಗುತ್ತದೆ. ಗುಡ್ಡದ ಮೇಲೆ ಅದರ ಹೆಸರು ಎತ್ತುವಂತಿಲ್ಲ, ಕಂಬಳಿಯಪ್ಪ ಎನ್ನಬೇಕು. ಹೆಸರು ಹಿಡಿದರೆ ಬಂದುಬಿಡುತ್ತದೆ ಎಂದು ಹಿರಿಯರ ನಂಬಿಕೆ. ಗಂಡನ ಹೆಸರನ್ನೂ ನಾನು ಅವರೆದುರು ಎಂದೂ ಹಿಡಿದವಳಲ್ಲ, ಅವರು ಮಾತ್ರ ಊಟದ ಹೊತ್ತಿಗೆ ಕರೆಯದೆಯೇ ಬರುತ್ತಿದ್ದರು.

ಮಾತಿನ ರೋಗ ನನಗೆ ತವರಿನಿಂದ ಬಂದದ್ದು. ಹಳೇಬೀಡಿನ ಬಸ್ ನಿಲ್ದಾಣದ ಎದುರು ನಮ್ಮಪ್ಪನ ಕಾಫಿ ತಿಂಡಿ ಹೋಟೆಲು. ದೇವಸ್ಥಾನ ನೋಡಲು ಬಂದವರು ದೋಸೆಗೆ ಕಾಯುತ್ತ ಕೂತಿರುವಾಗ ನಾನು ಅವರ ಮೇಜಿನ ಪಕ್ಕ ನಿಂತು ಊರಿನ ವಿಷಯವೆಲ್ಲ ಹೇಳುತ್ತಿದ್ದೆ. ಗೊತ್ತಿದ್ದದ್ದು ಮುಗಿದ ಮೇಲೆ ಗೊತ್ತಿಲ್ಲದ್ದನ್ನೂ ಹೇಳುತ್ತಿದ್ದೆ. ‘ಬೇಲೂರಿನ ಕಲ್ಲಿನ ಹೆಣ್ಣುಮಕ್ಕಳು ಎಷ್ಟು ಚೆಂದ ಬಾಯಿ ಮುಚ್ಕೊಂಡು ನಿಂತವೆ, ಅವನ್ನಾದ್ರೂ ನೋಡಿ ಕಲಿ’ ಎಂದು ಅಪ್ಪ ಗದರುತ್ತಿದ್ದ. ಕಲಿಯಲಿಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ಅಜ್ಜಿ ಮಾತ್ರ ನನ್ನ ಪರ ಇದ್ದಳು.

ಅಂಥವಳನ್ನು ಕೊಟ್ಟದ್ದು ಷಡಕ್ಷರಪ್ಪನವರಿಗೆ. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಸಭ್ಯ ಮನುಷ್ಯ, ಮಾತು ಕಮ್ಮಿ. ಮದುವೆಯಾದ ಹೊಸತರಲ್ಲಿ, ನಾನು ಬೆಳಗಿನಿಂದ ಸಂಜೆಯವರೆಗಿನ ಎಲ್ಲ ಸಮಾಚಾರ ಒಪ್ಪಿಸಿದ ಮೇಲೆ ಇವರು ‘ಹೂಂ’ ಎನ್ನುತ್ತಿದ್ದರು. ಮೊದಲು ಸಿಟ್ಟು ಬರುತ್ತಿತ್ತು. ಬರಬರುತ್ತ ಆ ಹೂಂನಲ್ಲೇ ಬಗೆಬಗೆ ಇದೆ ಎಂದು ತಿಳಿಯಿತು. ಒಪ್ಪಿದ ಹೂಂ, ಒಪ್ಪದ ಹೂಂ, ನಗು ತಡೆದುಕೊಂಡ ಹೂಂ, ಸಾಕು ಮಲಗೋಣ ಎನ್ನುವ ಹೂಂ. ಅಷ್ಟರಲ್ಲೇ ನಮ್ಮ ಸಂಸಾರ ಚೆನ್ನಾಗಿ ನಡೆಯಿತು.

ಗುಡ್ಡದಲ್ಲಿ ಕರಡಿಯ ಓಡಾಟ ಹೆಚ್ಚಾದಾಗ ಅರಣ್ಯ ಇಲಾಖೆಯ ಗಾರ್ಡು ದೇವರಾಜ್ ಬಂದು ಶಾಲೆಯ ಅಂಗಳದಲ್ಲಿ ನಮ್ಮನ್ನೆಲ್ಲ ಕೂರಿಸಿ ಬುದ್ಧಿ ಹೇಳಿದ. ದೇವರಾಜ್ ನಮ್ಮೂರಿನ ಹುಡುಗನೇ.

‘ಅದಕ್ಕೆ ಕಣ್ಣು ಮಂದ, ಕಿವಿನೂ ಅಷ್ಟಕ್ಕಷ್ಟೆ. ಗೊತ್ತಾಗ್ದಂಗೆ ನಾವು ಹತ್ರ ಹೋಗಿ ಬೆಚ್ಚಿಬೀಳಿಸಿದ್ರೇನೇ ಮೇಲೆ ಬೀಳೋದು. ಒಬ್ಬೊಬ್ರೇ ಹೋಗ್ಬ್ಯಾಡಿ. ಹೊತ್ತು ಮುಳುಗೋಕೆ ಮುಂಚೆ ಇಳ್ದುಬಿಡಿ. ದಾರಿ ಉದ್ದಕ್ಕೂ ಜೋರಾಗಿ ಮಾತಾಡ್ಕೊಂಡು ಹೋಗಿ, ಜನ ಬತ್ತಾವ್ರೆ ಅಂತ ಗೊತ್ತಾದ್ರೆ ಅದೇ ಸರಿದು ಹೋಯ್ತದೆ. ಎದುರಿಗೆ ಸಿಕ್ತು ಅನ್ನಿ, ಓಡ್ಬ್ಯಾಡಿ, ಓಟದಲ್ಲಿ ನೀವು ಗೆಲ್ಲಲ್ಲ. ಮರ ಹತ್ಬ್ಯಾಡಿ, ಅದಕ್ಕೆ ನಿಮಗಿಂತ ಚೆನ್ನಾಗಿ ಹತ್ತೋಕೆ ಬತ್ತದೆ. ಕಲ್ಲು ಹೊಡೀಬ್ಯಾಡಿ. ಮುಖ ಅದರ ಕಡೆಗೇ ಇಟ್ಕೊಂಡು, ನಿಧಾನಕ್ಕೆ ಹಿಂದಕ್ಕೆ ಹಿಂದಕ್ಕೆ ಬನ್ನಿ. ಮೇಲೆ ಬಿದ್ದೇಬಿಡ್ತು ಅಂದ್ರೆ ಕವುಚಿ ಮಲಗಿ ಕುತ್ತಿಗೆ ಮೇಲೆ ಎರಡೂ ಕೈ ಮಡಗಿ.’

ಜೋರಾಗಿ ಮಾತಾಡಿ ಎಂದ ಕೂಡಲೇ ಅಂಗಳದಲ್ಲಿದ್ದ ಎಲ್ಲರ ಮುಖವೂ ನನ್ನ ಕಡೆ ತಿರುಗಿತ್ತು. ದೇವರಾಜ್ ಕೂಡ ನಕ್ಕುಬಿಟ್ಟ. ‘ಉಷಾರಾಣಕ್ಕ ಜೊತೇಲಿದ್ರೆ ನಾನೇನೂ ಹೇಳೋದು ಬೇಕಾಗಿಲ್ಲ ಬಿಡಿ’ ಎಂದ. ನನಗೆ ಅವಮಾನವಾಗಬೇಕಿತ್ತು, ಹಿಗ್ಗಾಯಿತು. ಅವತ್ತಿನಿಂದ ನಾನೇ ಊರಿನ ಅರ್ಧ ಗಾರ್ಡು. ಗುಡ್ಡ ಹತ್ತುವಾಗ ಹೊಸ ಸೊಸೆಯಂದಿರಿಗೆ ಕವುಚಿ ಮಲಗುವುದನ್ನು ಮೆಟ್ಟಿಲ ಮೇಲೆ ಕೂತು ಕೈಮಾಡಿ ತೋರಿಸುತ್ತಿದ್ದೆ. ‘ಓಡಿದ್ರೋ ಕೆಟ್ರಿ’ ಎಂದು ಎಷ್ಟು ಸಲ ಹೇಳಿದ್ದೇನೋ. ಜಗತ್ತಿನಲ್ಲಿ ನನ್ನ ಬಾಯಿಗೂ ಒಂದು ಉಪಯೋಗ ಸಿಕ್ಕಿತಲ್ಲ ಎಂದು ಬೀಗುತ್ತಿದ್ದೆ.

ಹೋದ ಆಷಾಢದ ಒಂದು ಬೆಳಗ್ಗೆ ಇವರ ಕೈಯಿಂದ ಕಾಫಿ ಲೋಟ ಜಾರಿತು. ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಕೆಳಗೆ ಕೂತರು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿದೆ ಎಂದರು. ಜೀವ ಉಳಿಯಿತು, ಕಾಲು ಬಂತು, ಬಲಗೈ ಅರ್ಧ ಬಂತು. ಬಲಗಡೆಯಿಂದ ಯಾರಾದರೂ ಬಂದರೆ ಕಾಣುವುದಿಲ್ಲ, ತಲೆ ತಿರುಗಿಸಿ ನೋಡಬೇಕು. ಮಾತು ಮಾತ್ರ ಪೂರ್ತಿ ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತದೆ, ತಾವು ಹೇಳಬೇಕಾದದ್ದೂ ಗೊತ್ತಿರುತ್ತದೆ, ಆದರೆ ಪದ ಸಿಗುವುದಿಲ್ಲ. ಆ ‘ಹೂಂ’ ಕೂಡ ಸಿಗಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು. ಗೋಡೆಗೆ ಮಾತಾಡುವುದೂ ಒಂದೇ, ಇವರಿಗೆ ಮಾತಾಡುವುದೂ ಒಂದೇ ಎಂದು ಮೂವತ್ತು ವರ್ಷ ಹಂಗಿಸಿದವಳಿಗೆ ಗೋಡೆ ಎಂದರೇನು ಎಂದು ಈಗ ಗೊತ್ತಾಯಿತು.

ಮಾತು ಕಲಿಸುವುದಕ್ಕೆ ಹಾಸನದಲ್ಲಿ ಹರ್ಷಿತಾ ಎಂಬ ಹುಡುಗಿ ಇದ್ದಳು. ಅದನ್ನೇ ಓದಿದವಳು. ವಾರಕ್ಕೊಮ್ಮೆ ಕರೆದುಕೊಂಡು ಹೋಗುತ್ತಿದ್ದೆ. ಅವಳು ಬಾಳೆಹಣ್ಣಿನ ಚಿತ್ರ ತೋರಿಸಿ ‘ಇದೇನು ಅಂಕಲ್?’ ಎಂದರೆ ಇವರು ಬಾಯಿ ತೆರೆಯುವಷ್ಟರಲ್ಲಿ ನಾನು ‘ಬಾಳೆಹಣ್ಣು ಕಣ್ರೀ’ ಎಂದುಬಿಡುತ್ತಿದ್ದೆ. ಒಂದು ದಿನ ಆ ಹುಡುಗಿ ತಾಳ್ಮೆ ಕಳೆದುಕೊಂಡಳು.

‘ಆಂಟಿ, ಪ್ರಶ್ನೇನೂ ನಿಮ್ಮದೇ, ಉತ್ತರಾನೂ ನಿಮ್ಮದೇ ಆದ್ರೆ ಅಂಕಲ್ ಏನ್ ಮಾಡ್ಬೇಕು? ಚಿಕ್ಕದಾಗಿ ಒಂದು ಮಾತು ಹೇಳಿ, ಆಮೇಲೆ ಸುಮ್ನೆ ಕಾಯಿರಿ. ಅವ್ರಿಗೆ ಜಾಗ ಬಿಡಿ.’

ಅದನ್ನು ಊರಿಗೆ ಬಂದು ಪಕ್ಕದ ಮನೆಯ ಬಸಮ್ಮನವರಿಗೆ ಹೇಳಿದೆ. ನಮ್ಮ ಬೀದಿಗೆಲ್ಲ ಹಿರಿಯರು, ವ್ರತ ನೇಮಗಳಲ್ಲಿ ಅವರ ಮಾತೇ ಕೊನೆ.

‘ನಾನು ಹೇಳಿದ್ರೆ ನಿಂಗೆ ಬೇಜಾರು’ ಎಂದು ಅವರು ಶುರು ಮಾಡಿದರು. ‘ಅವನ ಪಾಲಿನ ಮಾತನ್ನೂ ನೀನೇ ಆಡಿ ಮುಗಿಸಿದ್ದೀಯ ಕಣೇ. ಕಾರ್ತಿಕದ ಸೋಮವಾರಗಳಲ್ಲಿ ಮೌನ ಹಿಡಿದು ಸಿದ್ದೇಶ್ವರಂಗೆ ದೀಪ ಹಚ್ಚು. ನೀನು ಬಿಟ್ಟ ಮಾತು ಅವನಿಗೆ ಹೋಯ್ತದೆ. ಆದ್ರೆ ದೀಪ ಹಚ್ಚಿ ಮನೆಗೆ ಬರೋಗಂಟ ಒಂದು ಮಾತು ಜಾರಿದ್ರೂ ವ್ರತ ಕೆಟ್ಟಂಗೆ, ನೋಡು.’

ಓದಿದ ಹುಡುಗಿಯೂ ಅದನ್ನೇ ಹೇಳಿದಳು, ದೇವರೂ ಅದನ್ನೇ ಹೇಳುತ್ತಿದ್ದಾನೆ ಎಂದುಕೊಂಡೆ. ಹರ್ಷಿತಾ ಹೇಳಿದ್ದು ನಡುನಡುವೆ ನಿಲ್ಲಿಸು ಎಂದು, ನಾನು ಅರ್ಥ ಮಾಡಿಕೊಂಡದ್ದು ಬಾಯಿಗೆ ಬೀಗ ಹಾಕು ಎಂದು. ಮಾತಾಡಿದರೂ ಅತಿ, ಬಿಟ್ಟರೂ ಅತಿ, ಅದೇ ನಾನು.

ಮೊದಲ ಸೋಮವಾರ ಊರೇ ನಮ್ಮ ಜಗಲಿಯ ಮುಂದೆ ಓಡಾಡಿತು. ಹಾಲು ಹಾಕುವವನು ನನಗೆ ಹುಷಾರಿಲ್ಲವೇನೋ ಎಂದುಕೊಂಡು ಒಂದು ಲೋಟ ಜಾಸ್ತಿ ಹಾಕಿ ಹೋದ. ಇವರನ್ನು ಕರೆಯಬೇಕಾದಾಗಲೆಲ್ಲ ತಟ್ಟೆಯ ಮೇಲೆ ಚಮಚದಿಂದ ಬಡಿಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಎಷ್ಟು ಬಡಿದಿದ್ದೆನೆಂದರೆ ಇವರು ತಿರುಗಿ ನೋಡುವುದನ್ನೇ ಬಿಟ್ಟರು. ಬಾಯಿ ಮುಚ್ಚಿದರೂ ನನ್ನ ಗಲಾಟೆ ನಿಂತಿರಲಿಲ್ಲ. ಸಂಜೆ ಹೆಂಗಸರ ಗುಂಪಿನ ಜೊತೆ ಗುಡ್ಡ ಹತ್ತಿದೆ. ಅವರು ಮಾತಾಡಿದರು, ನಾನು ಕೇಳಿದೆ. ಇಷ್ಟು ಕೆಟ್ಟದಾಗಿ ಮಾತಾಡುವವರ ಜೊತೆ ಇಷ್ಟು ವರ್ಷ ಹೇಗಿದ್ದೆನೋ ಎನಿಸಿತು.

ಎರಡನೆಯ ಸೋಮವಾರ ಇವರೂ ಬರುವುದಾಗಿ ಸನ್ನೆ ಮಾಡಿದರು. ಗುಡ್ಡ ಎಂದರೆ ದೊಡ್ಡದೇನಲ್ಲ, ಮಾಲೇಕಲ್ಲಿನ ಬೆಟ್ಟದ ಮುಂದೆ ನಮ್ಮದು ಒಂದು ದಿಬ್ಬ. ಡಾಕ್ಟರೂ ನಡೆಯಬೇಕು ಎಂದಿದ್ದರು. ಬಸಮ್ಮನವರ ಗುಂಪಿನ ಜೊತೆ ಹೋಗುವುದೆಂದು ಗೊತ್ತಾಗಿತ್ತು. ಗುಡ್ಡದ ಬುಡದಲ್ಲಿ ನಾವಿಬ್ಬರೂ ಕಾದೆವು, ಅವರು ಬರಲಿಲ್ಲ. ಫೋನು ಮಾಡಿದೆ. ಬಸಮ್ಮನವರು ಹಲೋ ಹಲೋ ಎಂದರು. ನಾನು ಉಸಿರಾಡಿದೆ. ‘ಯಾವನೋ ಪೋಲಿ’ ಎಂದು ಬೈದು ಇಟ್ಟರು.

ಬಿಸಿಲು ಇಳಿಯುತ್ತಿತ್ತು. ಹೊತ್ತು ಮುಳುಗುವ ಮುಂಚೆ ಇಳಿಯಬೇಕು ಎನ್ನುವ ನಿಯಮ ನೆನಪಾಯಿತು. ಗುಂಪಿನಲ್ಲಿ ಹೋಗಬೇಕು ಎನ್ನುವ ನಿಯಮವೂ, ಜೋರಾಗಿ ಮಾತಾಡಬೇಕು ಎನ್ನುವ ನಿಯಮವೂ ನೆನಪಾದವು. ಮೂರರಲ್ಲಿ ಒಂದನ್ನಾದರೂ ಉಳಿಸೋಣ ಎಂದು ನಾನು ಇವರಿಗೆ ಹತ್ತೋಣ ಎಂದು ಕೈ ತೋರಿಸಿದೆ. ಹೀಗೆ ಕರಡಿಯ ಗುಡ್ಡವನ್ನು ಮಾತು ಬಾರದ ಗಂಡಸೂ ಮಾತಾಡದ ಹೆಂಗಸೂ ಹತ್ತಿದೆವು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಆ ಗಾದೆಗೆ ಎರಡು ಕಾಲು ಬಂದು ಹರಿವಾಣ ಹಿಡಿದು ಮೆಟ್ಟಿಲು ಹತ್ತುತ್ತಿತ್ತು.

ಇವರು ಊರುಗೋಲು ಊರಿಕೊಂಡು ಮುಂದೆ, ಜಾರಿದರೆ ಹಿಡಿಯಲು ನಾನು ಹಿಂದೆ. ಎಷ್ಟೋ ದಿನದ ಮೇಲೆ ಇವರು ಹುರುಪಿನಿಂದ ಹತ್ತುತ್ತಿದ್ದರು. ನಾನೇ ಏದುಸಿರು ಬಿಡುತ್ತ ಹಿಂದೆ ಬಿದ್ದೆ. ಮೆಟ್ಟಿಲು ಮುಗಿದ ಕಡೆ ಬಲಗಡೆಗೆ ಗುಡಿ. ಗುಡಿಯ ಮುಂದೆ ಕಲ್ಲಿನ ದೊಡ್ಡ ಹಣತೆ. ಇವರು ಮೇಲೆ ಕಾಲಿಟ್ಟಾಗ ನಾನು ಕೆಳಗಿನ ತಿರುವಿನಲ್ಲಿದ್ದೆ. ಅಲ್ಲಿಂದ ನನಗೆ ಹಣತೆ ಕಾಣಿಸಿತು. ಹಣತೆಯೊಳಗೆ ತಲೆ ಇಟ್ಟುಕೊಂಡಿದ್ದ ಕಂಬಳಿಯಪ್ಪನೂ ಕಾಣಿಸಿತು.

ಅದಕ್ಕೆ ನಮ್ಮ ಸುಳಿವೇ ಇರಲಿಲ್ಲ. ಎಣ್ಣೆ ನೆಕ್ಕುವುದರಲ್ಲೇ ಮುಳುಗಿತ್ತು. ಇವರಿಗೆ ಬಲಗಡೆ ಕಾಣುವುದಿಲ್ಲ. ನೆಟ್ಟಗೆ ಅದರ ಪಕ್ಕಕ್ಕೇ ನಡೆದುಹೋಗುತ್ತಿದ್ದಾರೆ.

ಆಗ ನನ್ನ ತಲೆಗೆ ಹೊಳೆದದ್ದೇನು ಗೊತ್ತೇ? ಕೂಗಿದರೆ ವ್ರತ ಕೆಡುತ್ತದೆ ಎಂದು. ಇವರ ಮಾತು ಮರಳಬೇಕೆಂದು ಹಿಡಿದ ಮೌನ, ಈಗ ಬಾಯಿ ತೆರೆದರೆ ಇವರಿಗೆ ಆ ಮಾತು ಎಂದೂ ಬರದೆ ಹೋದರೆ? ಹರಿವಾಣದಲ್ಲಿದ್ದ ಎಣ್ಣೆಯ ಚಮಚದಿಂದ ಅದಕ್ಕೇ ಬಡಿದೆ. ಇವರು ತಿರುಗಲಿಲ್ಲ. ತಿರುಗದ ಹಾಗೆ ನಾನೇ ಅಭ್ಯಾಸ ಮಾಡಿಸಿದ್ದೆ. ಇನ್ನೂ ಜೋರಾಗಿ ಬಡಿದೆ. ಈ ಸಲ ತಲೆ ಎತ್ತಿದ್ದು ಕರಡಿ.

‘ರೀ, ನಿಂತ್ಕೊಳ್ರೀ. ಬಲಗಡೆ ಐತೆ, ಬಲಗಡೆ.’

ಅಷ್ಟು ಹೊತ್ತು ಕಟ್ಟಿಟ್ಟಿದ್ದ ಗಂಟಲು ತೂಬು ಕಿತ್ತ ಕೆರೆಯ ಹಾಗೆ ಹರಿಯಿತು. ನಿಂತ್ಕೊಳ್ರೀ ಎಂದು ಕೂಗುತ್ತಲೇ ಮೇಲಕ್ಕೆ ಓಡಿ ಇವರ ತೋಳು ಹಿಡಿದೆ. ಕರಡಿ ಹಿಂಗಾಲ ಮೇಲೆ ಎದ್ದು ನಿಂತಿತು. ಎದೆಯ ಮೇಲಿನ ಬಿಳಿ ಪಟ್ಟಿ, ಎಣ್ಣೆ ಮೆತ್ತಿದ ಮೂತಿ, ಕೈಯಲ್ಲಿ ಉಗುರು ಎಂದರೆ ಉಗುರು. ದೇವರಾಜ್ ಹೇಳಿದ್ದು, ನಾನು ಊರಿಗೆಲ್ಲ ಹೇಳಿದ್ದು, ಒಂದೂ ನೆನಪಾಗಲಿಲ್ಲ. ಇವರ ತೋಳು ಬಿಟ್ಟೆ, ಸೀರೆ ಎತ್ತಿಕೊಂಡೆ, ಬೆನ್ನು ತಿರುಗಿಸಿ ಕಾಲಿಗೆ ಬುದ್ಧಿ ಹೇಳಲು ಹೊರಟೆ. ಓಡಲಾಗದ ಗಂಡನನ್ನು ಕರಡಿಯ ಮುಂದೆ ಬಿಟ್ಟು ಹೊರಟಿದ್ದೆ ಎನ್ನುವುದು ನನಗೇ ಆಮೇಲೆ ತಿಳಿದದ್ದು.

ಸೆರಗು ಹಿಂದಕ್ಕೆ ಜಗ್ಗಿತು. ಇವರು ಎಡಗೈಯಲ್ಲಿ ಸೆರಗು ಹಿಡಿದಿದ್ದರು.

‘ಬ್ಯಾಡ’ ಎಂದರು.

ನಾನು ನಿಂತೆ. ಯಾರು ಹೇಳಿದ್ದೆಂದು ಯೋಚಿಸುವಷ್ಟು ಬುದ್ಧಿ ಇರಲಿಲ್ಲ, ನಿಂತೆ ಅಷ್ಟೆ. ತಿರುಗಿ ಕರಡಿಯ ಕಡೆಗೆ ಮುಖ ಮಾಡಿದೆ. ಇವರ ಸೊಂಟ ಬಳಸಿ ಹಿಡಿದು ಒಂದು ಹೆಜ್ಜೆ ಹಿಂದಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ. ಸುಮ್ಮನೆ ಇರಲು ನನ್ನಿಂದ ಆಗಲಿಲ್ಲ, ಅದರ ಜೊತೆಯೇ ಮಾತಾಡತೊಡಗಿದೆ. ‘ಕುಡಿಯಪ್ಪ ಕುಡಿ, ನಿಂದೇ ಎಣ್ಣೆ. ನಾವೇನೂ ಕೇಳಕ್ಕೆ ಬಂದಿಲ್ಲ. ಈ ಬಸಮ್ಮನೋರು ಬತ್ತೀನಿ ಅಂದೋರು ಬರ್ಲಿಲ್ಲ, ಅದಕ್ಕೆ ನಾವಿಬ್ರೇ ಬಂದ್ವಿ. ಇವ್ರಿಗೆ ಮೈ ಸರಿಯಿಲ್ಲ, ನಂಗೆ ತಲೆ ಸರಿಯಿಲ್ಲ, ನಮ್ಮನ್ನ ಬಿಟ್ಟುಬಿಡು.’ ಹೀಗೇ ಏನೇನೋ. ಕರಡಿ ಮೂಗು ಆಡಿಸುತ್ತ ಅಷ್ಟನ್ನೂ ಕೇಳಿತು. ಆಮೇಲೆ ನಾಲ್ಕೂ ಕಾಲೂರಿ ಬಂಡೆಗಳ ಹಿಂದೆ ಹೊರಟುಹೋಯಿತು. ನನ್ನ ಮಾತು ತಡೆಯಲಾರದೆ ಎದ್ದು ಹೋದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಆ ನಡಿಗೆ ನನಗೆ ಗುರುತು ಸಿಕ್ಕಿತು.

ತಿರುವಿನವರೆಗೆ ಇಳಿದು ಮೆಟ್ಟಿಲ ಮೇಲೆ ಕೂತೆವು. ಮೊದಲು ನೆನಪಾದದ್ದು ವ್ರತ ಕೆಟ್ಟದ್ದು. ಜೋರಾಗಿ ಅಳು ಬಂತು. ‘ನಿಮ್ಮ ಮಾತು ನಾನೇ ಕಳೆದುಬಿಟ್ಟೆ ಕಣ್ರೀ’ ಎಂದು ಅತ್ತೆ. ಅತ್ತು ಮುಗಿಯುವ ಹೊತ್ತಿಗೆ ನಿಧಾನವಾಗಿ ತಲೆಗೆ ಹೊಕ್ಕಿತು.

‘ರೀ, ಆಗ್ಲೇ ಏನಂದ್ರಿ ನೀವು?’

‘ಬ್ಯಾಡ’ ಎಂದರು. ತಮ್ಮ ಬಾಯಿಂದಲೇ ಬಂತೇ ಎಂದು ಅವರಿಗೂ ಆಶ್ಚರ್ಯ. ಇನ್ನೊಮ್ಮೆ ಅಂದು ನೋಡಿದರು. ‘ಬ್ಯಾಡ. ಬ್ಯಾಡ.’

ಅಷ್ಟರಲ್ಲಿ ತಡವಾಗಿ ಹೊರಟಿದ್ದ ಬಸಮ್ಮನವರ ಗುಂಪು ಕೆಳಗಿನಿಂದ ಓಡೋಡಿ ಬಂತು. ನನ್ನ ಕೂಗು ಕೆರೆ ಏರಿಯವರೆಗೂ ಕೇಳಿತಂತೆ. ವಿಷಯ ತಿಳಿದು ಬಸಮ್ಮನವರು ಗುಡ್ಡದ ಕಡೆ ಕೈಮುಗಿದರು. ಮರುದಿನ ದೇವರಾಜ್ ಬಂದು, ಕೈಮುಗಿಯುವುದು ಹಾಗಿರಲಿ, ಇಬ್ಬರೇ ಬಾಯಿ ಮುಚ್ಚಿಕೊಂಡು ಹೋಗಿದ್ದು ಯಾಕೆ ಎಂದು ಬೈದ. ಊರಿಗೆ ಪಾಠ ಹೇಳಿಕೊಟ್ಟ ಉಷಾರಾಣಕ್ಕನೇ ಹೀಗೆ ಮಾಡಿದರೆ ಹೇಗೆ ಎಂದು ಕೇಳಿದ. ಈ ಕಾರ್ತಿಕ ಮುಗಿಯುವವರೆಗೆ ದೀಪವನ್ನು ಗುಡ್ಡದ ಬುಡದಲ್ಲೇ ಹಚ್ಚುವುದೆಂದೂ ಮೇಲಿನ ಹಣತೆಗೆ ಎಣ್ಣೆ ಸುರಿಯಬಾರದೆಂದೂ ಊರಿನವರನ್ನು ಒಪ್ಪಿಸಿದ.

ನಾನು ಮಾತ್ರ ಇವರ ಮುಂದೆ ಕೂತು ಮುಂದಿನ ಪದಕ್ಕೆ ಕಾದೆ. ಬರಲಿಲ್ಲ. ಬಂದದ್ದು ಅದೊಂದೇ. ಕಾಫಿ ಕುಡಿಯುತ್ತೀರಾ ಎಂದರೆ ‘ಬ್ಯಾಡ’ ಎಂದು ತಲೆದೂಗಿ ಲೋಟಕ್ಕೆ ಕೈ ಚಾಚುತ್ತಾರೆ. ಸ್ನಾನಕ್ಕೆ ನೀರು ಕಾದಿದೆ ಎಂದರೆ ‘ಬ್ಯಾಡ’ ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಹಳೆಯ ವ್ಯಾಪಾರದವರೊಬ್ಬರು ಬಂದು ‘ಶರಣು ಷಡಕ್ಷರಪ್ಪನೋರೇ’ ಎಂದರೆ ಮುಖವರಳಿಸಿ ‘ಬ್ಯಾಡ’ ಎಂದರು, ಆ ಮನುಷ್ಯ ಚಪ್ಪಲಿ ಬಿಡಬೇಕೋ ಮೆಟ್ಟಬೇಕೋ ತಿಳಿಯದೆ ಬಾಗಿಲಲ್ಲೇ ನಿಂತ. ಹರ್ಷಿತಾಗೆ ಫೋನು ಮಾಡಿದೆ.

‘ಹಂಗಾಗುತ್ತೆ ಆಂಟಿ. ಗಾಬರೀಲಿ ಒಂದು ಪದ ಬಂದುಬಿಡುತ್ತೆ, ಆಮೇಲೆ ಎಲ್ಲದಕ್ಕೂ ಅದೇ ಬರುತ್ತೆ. ಬೇರೆ ಪದ ಬರಬಹುದು, ಬರದೇನೂ ಇರಬಹುದು. ನಾನು ಸುಳ್ಳು ಹೇಳಲ್ಲ’ ಎಂದಳು.

ಬಸಮ್ಮನವರದು ಬೇರೆ ಹಾದಿ. ‘ಕೆಟ್ಟ ವ್ರತಕ್ಕೇ ಒಂದು ಪದ ಕೊಟ್ಟವನೆ. ಉಳಿದ ಸೋಮವಾರಗಳನ್ನ ಸರಿಯಾಗಿ ಹಿಡಿ, ಪೂರ್ತಿ ಕೊಡ್ತಾನೆ’ ಎಂದರು. ನನಗೂ ಆಸೆ ಹುಟ್ಟಿತು. ಆಸೆಗಿಂತ ಹೆದರಿಕೆ. ಹಿಡಿಯದೆ ಇದ್ದು ಮಾತು ಬರದೇ ಹೋದರೆ ಜೀವನವಿಡೀ ನನ್ನದೇ ತಪ್ಪು ಎನ್ನಿಸುತ್ತದಲ್ಲ.

ಭಾನುವಾರ ಸಂಜೆ ಜಗಲಿಯಲ್ಲಿ ಇವರ ಪಕ್ಕ ಕೂತು ಕೇಳಿದೆ. ‘ನಾಳೆನೂ ಮೌನ ಹಿಡೀಲೇನ್ರೀ?’

‘ಬ್ಯಾಡ’ ಎಂದರು.

ನನಗೆ ನಗು ಬಂತು, ಹಿಂದೆಯೇ ಸಂಕಟವೂ ಆಯಿತು. ಕಾಫಿಗೂ ಅದೇ, ಸ್ನಾನಕ್ಕೂ ಅದೇ, ಇದಕ್ಕೂ ಅದೇ. ‘ಅದು ಗೊತ್ತು ಬಿಡಿ. ಹಿಡೀಬೇಕೋ ಬ್ಯಾಡವೋ, ತಿಳಿಯೋ ಹಂಗೆ ಹೇಳಿ’ ಎಂದೆ. ಅಷ್ಟಕ್ಕೇ ನಿಲ್ಲಿಸಿ ಕಾದೆ.

ಇವರು ಎಡಗೈಯಿಂದ ನನ್ನ ಕೈ ಹಿಡಿದುಕೊಂಡು ‘ಬ್ಯಾಡ’ ಎಂದರು. ಈ ಸಲ ತಲೆದೂಗಲಿಲ್ಲ. ತಲೆ ಅಡ್ಡಡ್ಡ ಆಡಿತು, ನಿಧಾನವಾಗಿ, ನನಗೆ ಸಂಶಯ ಉಳಿಯಬಾರದೆಂದು ಮತ್ತೆ ಆಡಿತು. ಕೈ ಬಿಡದೆ ನನ್ನ ಮುಖವನ್ನೇ ನೋಡುತ್ತ, ನಾನು ಮಾತು ಶುರು ಮಾಡಲಿ ಎಂದು ಕಾಯುತ್ತ ಕೂತರು.